ಮನೆಯ ವಿಡಿಯೊಗಳು ಸ್ಮಾರ್ಟ್ ಟಿವಿಯಲ್ಲಿ ಸರಿಯಾಗಿ ಓಡಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಸುಗ್ಗಿಯ ಹಬ್ಬವಾದ ಪುತ್ತರಿ, ಕೈಲ್ ಮುಹೂರ್ತ, ಹಾಕಿ ಪಂದ್ಯ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರಿದ ದಿನ ಹೀಗೆ ಕೊಡಗಿನ ಪ್ರತಿಯೊಂದು ಕುಟುಂಬದ ಬಳಿಯೂ ನೋಡಬೇಕೆನಿಸುವ ವಿಡಿಯೊಗಳಿವೆ. ಅವು ಮೊಬೈಲುಗಳಲ್ಲಿ, ಹಳೆಯ ಡಿವಿಡಿಗಳಲ್ಲಿ, ಕ್ಯಾಮೆರಾ ಕಾರ್ಡುಗಳಲ್ಲಿ ಚದುರಿಕೊಂಡಿರುತ್ತವೆ. ತೋಟದ ಮನೆಗಳಲ್ಲಿ ಇಂಟರ್‌ನೆಟ್ಟನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಬಹಳಷ್ಟು ಮಂದಿ ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿ ನೋಡುತ್ತಾರೆ. ಹಾಗೆ ನೋಡಲು ಹೊರಟಾಗ ಎದುರಾಗುವ ತೊಂದರೆಗಳನ್ನೂ ಅವುಗಳ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಮೊಬೈಲಿನಲ್ಲಿ ತೊಂದರೆಯಿಲ್ಲದೆ ಓಡುವ ವಿಡಿಯೊ ಟಿವಿಯಲ್ಲಿ ಮಾತ್ರ ಏಕೆ ಓಡುವುದಿಲ್ಲ?

ಕ್ಯಾಮೆರಾ ತೆಗೆದ ಚಿತ್ರಗಳನ್ನು ಹಾಗೆಯೇ ಉಳಿಸಿದರೆ ಕೆಲವೇ ನಿಮಿಷಗಳಲ್ಲಿ ಕಾರ್ಡು ತುಂಬಿಹೋಗುತ್ತದೆ. ಆದ್ದರಿಂದ ಅವುಗಳನ್ನು ಅಡಕಗೊಳಿಸಿ ಇಡುತ್ತಾರೆ, ನೋಡುವಾಗ ಮತ್ತೆ ಬಿಡಿಸುತ್ತಾರೆ. ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬಲ್ಲದಾದ್ದರಿಂದ ವಿಎಲ್‌ಸಿಯಂತಹ ಪ್ಲೇಯರ್ ಬಹುತೇಕ ಎಲ್ಲ ಫೈಲುಗಳನ್ನೂ ಓಡಿಸುತ್ತದೆ. ಟಿವಿಯ ಪ್ರೊಸೆಸರಿಗೆ ಅಷ್ಟು ಶಕ್ತಿಯಿರುವುದಿಲ್ಲ. ಅದರ ಚಿಪ್ಪಿನಲ್ಲಿ ಕೆಲವು ನಿರ್ದಿಷ್ಟ ಕೋಡೆಕ್‌ಗಳಿಗೆ ಮಾತ್ರ ಡಿಕೋಡರ್ ಅಳವಡಿಸಿರುತ್ತಾರೆ, ಮತ್ತು ಆ ಪಟ್ಟಿಯಲ್ಲಿ ಇಲ್ಲದ ಫೈಲು ಬಂದರೆ ಟಿವಿಗೆ ಬೇರೆ ದಾರಿಯಿಲ್ಲ. ಮೊಬೈಲು ತಾನೇ ಚಿತ್ರೀಕರಿಸಿದ್ದನ್ನು ತಾನೇ ಓಡಿಸುವುದು ಸಹಜವಾದ್ದರಿಂದ, ಮೊಬೈಲಿನಲ್ಲಿ ಓಡಿತು ಎಂಬುದು ಟಿವಿಯ ಮಟ್ಟಿಗೆ ಯಾವ ಖಾತರಿಯನ್ನೂ ಕೊಡುವುದಿಲ್ಲ.

ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಎಂದೇ ಇದೆ. ಆದರೂ ಓಡುವುದಿಲ್ಲವಲ್ಲ?

ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಕಟ್ಟಿಡುವ ಹೊದಿಕೆಗಳು. ಒಳಗಿನ ಕೋಡೆಕ್ ಯಾವುದೆಂದು ಹೊದಿಕೆಯ ಹೆಸರು ಹೇಳುವುದಿಲ್ಲ. ಗೋಣಿಚೀಲ ಒಂದೇ ಬಗೆಯದಾದರೂ ಒಳಗಿರುವುದು ಪಾರ್ಚ್‌ಮೆಂಟ್ ಕಾಫಿಯೋ ಚೆರಿ ಕಾಫಿಯೋ ಎಂಬುದು ಬಿಚ್ಚಿ ನೋಡಿದ ಮೇಲೆಯೇ ತಿಳಿಯುವ ಹಾಗೆ, ಎಂಪಿ4 ಫೈಲಿನೊಳಗೆ ಎಚ್.264 ಇರಬಹುದು, ಎಚ್‌ಇವಿಸಿ ಇರಬಹುದು, ಎವಿ1 ಕೂಡ ಇರಬಹುದು. ಎಚ್.264 ಸಿದ್ಧವಾದದ್ದು 2003ರಲ್ಲಿ, ಎಚ್.265 ಎಂದೂ ಕರೆಯುವ ಎಚ್‌ಇವಿಸಿ 2013ರಲ್ಲಿ, ಎವಿ1 2018ರಲ್ಲಿ. ಹಳೆಯ ಟಿವಿಗಳು ಮೊದಲನೆಯದನ್ನು ಮಾತ್ರ ಬಲ್ಲವು. 4ಕೆ ಟಿವಿಗಳಲ್ಲಿ ಸಾಮಾನ್ಯವಾಗಿ ಎರಡನೆಯದೂ ಇರುತ್ತದೆ. ಮೂರನೆಯದು ಇತ್ತೀಚಿನ ಮಾದರಿಗಳಲ್ಲಿ ಮಾತ್ರ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಕೈಯಿಂದ ತಿದ್ದಿ ಎಂಪಿ4 ಎಂದು ಬರೆದರೆ ಒಳಗಿನದು ಬದಲಾಗುವುದಿಲ್ಲ.

ಎಲ್ಲರ ಮನೆಯ ಟಿವಿಯಲ್ಲೂ ಓಡುವ ಒಂದು ರೂಪ ಇದೆಯೇ?

ಬಹುಮಟ್ಟಿಗೆ ಇದೆ. ಹೊದಿಕೆ ಎಂಪಿ4, ಚಿತ್ರಕ್ಕೆ ಎಚ್.264 ಹೈ ಪ್ರೊಫೈಲ್, ಲೆವೆಲ್ (ಗಾತ್ರ ಮತ್ತು ವೇಗಗಳ ಮಿತಿ ಸೂಚಿಸುವ ಸಂಖ್ಯೆ) 4.1, ಬಣ್ಣ 8 ಬಿಟ್ ಮತ್ತು 4:2:0, ಗಾತ್ರ 1920×1080ಕ್ಕೆ ಮೀರದಂತೆ, ಸೆಕೆಂಡಿಗೆ 25 ಅಥವಾ 30 ಚೌಕಟ್ಟು (ಫ್ರೇಮ್), ಧ್ವನಿಗೆ ಎಎಸಿ ಸ್ಟೀರಿಯೊ 48 ಕಿಲೋಹರ್ಟ್ಸ್. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಮಾರಾಟವಾದ ಸ್ಮಾರ್ಟ್ ಟಿವಿಗಳಲ್ಲಿ ಈ ರೂಪ ಓಡದಿರುವುದು ಅಪರೂಪ.

ನನ್ನ ಸಲಹೆ ಇಷ್ಟು: ಮೂಲ ಫೈಲನ್ನು ಯಾವ ಕಾರಣಕ್ಕೂ ಅಳಿಸದೆ, ತಿದ್ದದೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಿ. ಟಿವಿಗಾಗಿ ಮೇಲಿನ ರೂಪದಲ್ಲಿ ಪ್ರತ್ಯೇಕ ಪ್ರತಿಯೊಂದನ್ನು ಮಾಡಿಕೊಳ್ಳಿ. ಆ ಪ್ರತಿಯನ್ನು ಕುಟುಂಬದಲ್ಲಿ ಅತ್ಯಂತ ಹಳೆಯ ಟಿವಿ ಇರುವ ಮನೆಯನ್ನು ಲೆಕ್ಕಕ್ಕೆ ಹಿಡಿದು ಮಾಡಬೇಕು, ಏಕೆಂದರೆ ವಿರಾಜಪೇಟೆಯ ಹೊಸ 4ಕೆ ಟಿವಿಯಲ್ಲಿ ಓಡಿದ ಪೆನ್‌ಡ್ರೈವು ಸೋಮವಾರಪೇಟೆಯ ಅಜ್ಜಿಯ ಮನೆಗೂ ಹೋಗುವುದಿರುತ್ತದೆ.

ಫೈಲಿನೊಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ವಿಎಲ್‌ಸಿಯಲ್ಲಿಯೂ ಟೂಲ್ಸ್ ಪಟ್ಟಿಯೊಳಗಿನ ಕೋಡೆಕ್ ಇನ್ಫರ್ಮೇಶನ್ ತೆರೆದರೆ ಸಾಕಷ್ಟು ವಿವರ ಸಿಗುತ್ತದೆ. ಉದಾಹರಣೆಗೆ, ಮೊಬೈಲಿನಲ್ಲಿ ತೆಗೆದ ಗಂಗಾಪೂಜೆಯ ವಿಡಿಯೊವನ್ನು ಮೀಡಿಯಾಇನ್ಫೋದಲ್ಲಿ ತೆರೆದಾಗ ಫಾರ್ಮ್ಯಾಟ್ ಎಂಬಲ್ಲಿ ಎಚ್‌ಇವಿಸಿ, ಪ್ರೊಫೈಲ್ ಎಂಬಲ್ಲಿ ಮೈನ್ 10, ಬಿಟ್ ಡೆಪ್ತ್ 10, ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್, ರೊಟೇಶನ್ 90 ಡಿಗ್ರಿ ಎಂದು ಕಾಣಬಹುದು. ಈ ಐದು ಸಾಲುಗಳಲ್ಲಿ ಟಿವಿಗೆ ಬರಬಹುದಾದ ನಾಲ್ಕು ಬಗೆಯ ತಕರಾರುಗಳು ಅಡಗಿವೆ: ಹಳೆಯ ಟಿವಿಯಲ್ಲಿ ಕೋಡೆಕ್ ಇಲ್ಲ, ಬಣ್ಣ 10 ಬಿಟ್ ಆಗಿದೆ, ಚೌಕಟ್ಟುಗಳ ವೇಗ ಒಂದೇ ಸಮನಾಗಿಲ್ಲ, ಚಿತ್ರ ಅಡ್ಡಬಿದ್ದಿದೆ. ಟಿವಿಯಲ್ಲಿ ಕಾಣಿಸುವ «ಬೆಂಬಲವಿಲ್ಲದ ಫೈಲ್» ಎಂಬ ಸಂದೇಶ ಇವುಗಳಲ್ಲಿ ಯಾವುದನ್ನೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ, ಪರಿವರ್ತನೆಗೆ ಕೈಹಾಕುವ ಮೊದಲು ಒಂದು ನಿಮಿಷ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಹ್ಯಾಂಡ್‌ಬ್ರೇಕ್ ಬಳಸಿ ಟಿವಿ ಪ್ರತಿ ಮಾಡಿಕೊಳ್ಳುವ ಕ್ರಮ ಯಾವುದು?

ಹ್ಯಾಂಡ್‌ಬ್ರೇಕ್ ಉಚಿತ ತಂತ್ರಾಂಶ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಫೈಲನ್ನು ತೆರೆದ ಮೇಲೆ ಪ್ರಿಸೆಟ್ ಪಟ್ಟಿಯಿಂದ ಫಾಸ್ಟ್ 1080ಪಿ30 ಆರಿಸಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಆದರೆ ನಾಲ್ಕೈದು ಜಾಗಗಳಲ್ಲಿ ಕೈಯಾಡಿಸಬೇಕು.

ಮೊದಲನೆಯದಾಗಿ, ಸಮ್ಮರಿ ಪುಟದಲ್ಲಿ ಹೊದಿಕೆ ಎಂಪಿ4 ಎಂದಿರಲಿ, ವೆಬ್ ಆಪ್ಟಿಮೈಸ್ಡ್ ಎಂಬ ಚೌಕಕ್ಕೆ ಗುರುತು ಹಾಕಿ. ಇದರಿಂದ ಫೈಲಿನ ಸೂಚಿ ಕೊನೆಯಿಂದ ಆರಂಭಕ್ಕೆ ಬರುತ್ತದೆ, ಮತ್ತು ವೈಫೈ ಮೂಲಕ ನೋಡುವಾಗ ವಿಡಿಯೊ ಬೇಗ ಶುರುವಾಗುತ್ತದೆ. ಎರಡನೆಯದಾಗಿ, ಡೈಮೆನ್ಷನ್ಸ್ ಪುಟದಲ್ಲಿ ಕ್ರಾಪಿಂಗ್ ಎಂಬುದನ್ನು ನನ್ (None) ಎಂದು ಬದಲಿಸಿ. ಹ್ಯಾಂಡ್‌ಬ್ರೇಕ್ ಕಪ್ಪು ಅಂಚುಗಳನ್ನು ತಾನಾಗಿ ಗುರುತಿಸಿ ಕತ್ತರಿಸುತ್ತದೆ; ಕತ್ತಲಿನಲ್ಲಿ ತೆಗೆದ ವಿಡಿಯೊದಲ್ಲಿ ಅದು ಗದ್ದೆಯ ಕಪ್ಪನ್ನೂ ಅಂಚೆಂದು ತಿಳಿದು ಕತ್ತರಿಸಿಬಿಡುವ ಸಂಭವವಿದೆ. ಮೂರನೆಯದಾಗಿ, ವಿಡಿಯೊ ಪುಟದಲ್ಲಿ ಫ್ರೇಮ್ ರೇಟ್ ಎಂಬಲ್ಲಿ ಸೇಮ್ ಆ್ಯಸ್ ಸೋರ್ಸ್ ಆರಿಸಿ, ಅದರ ಕೆಳಗೆ ಕಾನ್‌ಸ್ಟಂಟ್ ಎಂದು ಗುರುತಿಸಿ. 25 ಚೌಕಟ್ಟಿನ ವಿಡಿಯೊವನ್ನು 30ಕ್ಕೆ ಏರಿಸಿದರೆ ಕೆಲವು ಚೌಕಟ್ಟುಗಳು ಎರಡೆರಡು ಸಲ ಬಂದು, ಕ್ಯಾಮೆರಾ ಅಡ್ಡ ತಿರುಗುವಾಗ ಚಿತ್ರ ತಡವರಿಸುತ್ತದೆ.

ಗುಣಮಟ್ಟವನ್ನು ನಿರ್ಧರಿಸುವುದು ಆರ್‌ಎಫ್ ಎಂಬ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನಾಗಿರುತ್ತದೆ, ಫೈಲು ದೊಡ್ಡದಾಗುತ್ತದೆ. 1080 ಗಾತ್ರದ ವಿಡಿಯೊಗೆ 20ರಿಂದ 22, ಹಳೆಯ ಡಿವಿಡಿಗಳಂತಹ ಚಿಕ್ಕ ಚಿತ್ರಕ್ಕೆ 18ರಿಂದ 20 ಸಾಕು. 16ಕ್ಕಿಂತ ಕೆಳಗಿಳಿಸಿದರೆ ಫೈಲು ಊದಿಕೊಳ್ಳುತ್ತದೆಯೇ ಹೊರತು ಟಿವಿಯಲ್ಲಿ ವ್ಯತ್ಯಾಸ ಕಾಣದು. ಕೊನೆಯದಾಗಿ ಆಡಿಯೊ ಪುಟದಲ್ಲಿ ಎಎಸಿ, 160 ಕಿಲೋಬಿಟ್, ಸ್ಟೀರಿಯೊ. ವಾಲಗದ ಕೊಂಬು ಮತ್ತು ಡೋಲಿನ ಧ್ವನಿ ತುಂಬ ಇರುವ ಮದುವೆ ವಿಡಿಯೊಗಳಿಗೆ 192 ಇಟ್ಟುಕೊಂಡರೆ ನಷ್ಟವೇನಿಲ್ಲ.

ಇಡೀ ವಿಡಿಯೊವನ್ನು ಪರಿವರ್ತಿಸುವ ಮೊದಲು ಎರಡು ನಿಮಿಷದ ತುಣುಕನ್ನು ಮಾತ್ರ ಮಾಡಿ ಟಿವಿಯಲ್ಲಿ ಹಾಕಿ ನೋಡಿ. ಹ್ಯಾಂಡ್‌ಬ್ರೇಕ್‌ನಲ್ಲಿ ರೇಂಜ್ ಎಂಬಲ್ಲಿ ಸೆಕೆಂಡುಗಳನ್ನು ನಮೂದಿಸಿ ತುಣುಕು ತೆಗೆಯಬಹುದು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರುಗಳಲ್ಲಿ ನಾಲ್ಕು ಗಂಟೆಯ ಮದುವೆಯನ್ನು ಒಂದೇ ಏಟಿಗೆ ಪರಿವರ್ತಿಸಲು ಕೂರುವುದಕ್ಕಿಂತ, ದಂಪತಿ ಮುಹೂರ್ತ, ಬಾಳೆ ಕಡಿಯುವುದು, ಗಂಗಾಪೂಜೆ ಎಂದು ಭಾಗ ಮಾಡಿಕೊಂಡು ಕ್ಯೂಗೆ ಹಾಕುವುದು ಲೇಸು. ಮಧ್ಯದಲ್ಲಿ ಕಂಪ್ಯೂಟರು ಆರಿಹೋದರೂ ಮುಗಿದ ಭಾಗಗಳು ಉಳಿದಿರುತ್ತವೆ, ಮತ್ತು ನೋಡುವವರಿಗೂ ಬೇಕಾದ ಭಾಗ ಬೇಗ ಸಿಗುತ್ತದೆ.

ಇಷ್ಟೆಲ್ಲ ಪರಿವರ್ತನೆ ಮಾಡದೆ, ಗುಣಮಟ್ಟ ಕೆಡದಂತೆ ಸರಿಪಡಿಸಲು ಸಾಧ್ಯವೇ?

ಒಳಗಿನ ಕೋಡೆಕ್ ಆಗಲೇ ಎಚ್.264 ಆಗಿದ್ದು ಹೊದಿಕೆ ಮಾತ್ರ ಟಿವಿಗೆ ಒಗ್ಗದಿದ್ದರೆ ಸಾಧ್ಯ. ಚಿತ್ರವನ್ನು ಮುಟ್ಟದೆ ಹೊದಿಕೆಯನ್ನಷ್ಟೇ ಬದಲಿಸುವ ಈ ಕ್ರಮಕ್ಕೆ ರೀಮಕ್ಸ್ ಎನ್ನುತ್ತಾರೆ. ಲಾಸ್‌ಲೆಸ್‌ಕಟ್ ಅಥವಾ ಎವಿಡೆಮಕ್ಸ್ ತಂತ್ರಾಂಶದಲ್ಲಿ ಫೈಲು ತೆರೆದು, ಚಿತ್ರವನ್ನೂ ಧ್ವನಿಯನ್ನೂ ಇದ್ದಂತೆಯೇ ನಕಲು ಮಾಡುವ ಆಯ್ಕೆಯಲ್ಲಿ ಎಂಪಿ4 ಆಗಿ ಉಳಿಸಿದರೆ, ಗಂಟೆಗಟ್ಟಲೆಯ ವಿಡಿಯೊ ಕೂಡ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಕೆಲವು ಕ್ಯಾಮೆರಾಗಳ ಎಂಒವಿ ಫೈಲುಗಳಲ್ಲಿ ಧ್ವನಿ ಅಡಕಗೊಳಿಸದ ಪಿಸಿಎಂ ರೂಪದಲ್ಲಿರುತ್ತದೆ. ಆಗ ಚಿತ್ರವನ್ನು ನಕಲು ಮಾಡಿ, ಧ್ವನಿಯನ್ನು ಮಾತ್ರ ಎಎಸಿಗೆ ಬದಲಿಸಿದರೆ ಸಾಕು.

ಐಫೋನಿನಲ್ಲಿ ತೆಗೆದ ವಿಡಿಯೊ ಟಿವಿಯಲ್ಲಿ ಬಿಳಿಚಿಕೊಂಡಂತೆ ಕಾಣುತ್ತದೆ. ಕಾರಣವೇನು?

2017ರಲ್ಲಿ ಬಂದ ಐಒಎಸ್ 11ರಿಂದ ಐಫೋನುಗಳು ಎಚ್‌ಇವಿಸಿಯಲ್ಲಿ ಚಿತ್ರೀಕರಿಸಬಲ್ಲವು. 2020ರ ಐಫೋನ್ 12ರಿಂದ ಎಚ್‌ಡಿಆರ್, ಅಂದರೆ ಬೆಳಕು ಮತ್ತು ಬಣ್ಣಗಳ ಹೆಚ್ಚಿನ ವ್ಯಾಪ್ತಿಯ ಚಿತ್ರೀಕರಣವೂ ಸೇರಿಕೊಂಡಿತು. ಎಚ್‌ಡಿಆರ್ ಅರ್ಥವಾಗದ ಟಿವಿ ಆ ಬಣ್ಣಗಳನ್ನು ಸಾಮಾನ್ಯ ಬಣ್ಣಗಳೆಂದು ಓದಿಕೊಳ್ಳುವುದರಿಂದ ಕೆಂಪು ಸೀರೆ ಕಳೆಗುಂದುತ್ತದೆ, ಗಂಡಸರು ತೊಡುವ ಕುಪ್ಯಚೇಲೆಯ ಕಪ್ಪು ಬೂದಿಯಂತಾಗುತ್ತದೆ. ಮುಂದೆ ತೆಗೆಯುವ ವಿಡಿಯೊಗಳಿಗಾಗಿ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್ ಎಂಬಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ, ರೆಕಾರ್ಡ್ ವಿಡಿಯೊ ಎಂಬಲ್ಲಿ ಎಚ್‌ಡಿಆರ್ ವಿಡಿಯೊವನ್ನು ಆಫ್ ಮಾಡಿ. ಈಗಾಗಲೇ ತೆಗೆದದ್ದನ್ನು ಟೋನ್ ಮ್ಯಾಪಿಂಗ್ ಸೌಲಭ್ಯವಿರುವ ಎಡಿಟರಿನಲ್ಲಿ ಸಾಮಾನ್ಯ ಬಣ್ಣಕ್ಕೆ ಇಳಿಸಿಕೊಳ್ಳಬೇಕು. ಟಿವಿಯ ರಿಮೋಟಿನಿಂದ ಕಲರ್ ಏರಿಸುವುದು ಪರಿಹಾರವಲ್ಲ. ಮುಖಗಳು ಕಿತ್ತಳೆಯಾಗುತ್ತವೆ, ಅಷ್ಟೆ.

ಪುತ್ತರಿಯ ರಾತ್ರಿ ಕದಿರು ತೆಗೆಯುವ ವಿಡಿಯೊ ಪರಿವರ್ತಿಸಿದ ಮೇಲೆ ಚೌಕಚೌಕವಾಗಿ ಒಡೆದುಹೋಗುತ್ತದೆ. ಏನು ಮಾಡಬೇಕು?

ಈ ಪ್ರಶ್ನೆಗೆ ವಿವರವಾದ ಉತ್ತರ ಬೇಕು, ಏಕೆಂದರೆ ನಮ್ಮ ಕಡೆಯ ವಿಡಿಯೊಗಳಲ್ಲಿ ಇದಕ್ಕಿಂತ ಕಠಿಣವಾದ ದೃಶ್ಯ ಮತ್ತೊಂದಿಲ್ಲ. ಗದ್ದೆಯಲ್ಲಿ ದೀಪದ, ಟಾರ್ಚಿನ ಬೆಳಕಷ್ಟೇ ಇರುತ್ತದೆ. «ಪೊಲಿ ಪೊಲಿ ದೇವಾ» ಎಂಬ ಕೂಗಿನ ನಡುವೆ ಕೋವಿಯಿಂದ ಗುಂಡು ಹಾರಿಸಿದಾಗ ಒಂದೆರಡು ಚೌಕಟ್ಟುಗಳಲ್ಲಿ ಮಾತ್ರ ಪರದೆ ಬೆಳಗಿ ಮತ್ತೆ ಕತ್ತಲಾಗುತ್ತದೆ. ಸಾಕಷ್ಟು ಬೆಳಕಿಲ್ಲದಾಗ ಕ್ಯಾಮೆರಾ ತನ್ನ ಸಂವೇದನೆಯನ್ನು ಏರಿಸಿಕೊಳ್ಳುವುದರಿಂದ ಇಡೀ ಚಿತ್ರದ ತುಂಬ ಕಾಳುಕಾಳಾದ ನಾಯ್ಸ್ ಹರಡಿಕೊಳ್ಳುತ್ತದೆ. ಕೋಡೆಕ್ ಉಳಿತಾಯ ಮಾಡುವುದು ಹಿಂದಿನ ಚೌಕಟ್ಟಿನಲ್ಲಿ ಇದ್ದದ್ದನ್ನೇ ಮುಂದಿನದಕ್ಕೂ ಬಳಸಿಕೊಂಡು. ನಾಯ್ಸ್ ಮಾತ್ರ ಪ್ರತಿ ಚೌಕಟ್ಟಿನಲ್ಲೂ ಹೊಸದು. ಹೀಗಾಗಿ ಸಿಕ್ಕ ಬಿಟ್‌ಗಳೆಲ್ಲ ಆ ಕಾಳುಗಳಿಗೇ ಖರ್ಚಾಗಿ, ಕದಿರು ಹಿಡಿದವರ ಮುಖಕ್ಕೆ ಏನೂ ಉಳಿಯುವುದಿಲ್ಲ. ಗುಂಡಿನ ಮಿಂಚು ಬಂದ ಕ್ಷಣದಲ್ಲಂತೂ ಹಿಂದಿನ ಚೌಕಟ್ಟಿನಿಂದ ಎರವಲು ಪಡೆಯುವುದಕ್ಕೆ ಏನೂ ಇರುವುದಿಲ್ಲ.

ಪರಿಹಾರ ಎರಡು ಬಗೆಯದು. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಪುಟದಲ್ಲಿ ಡಿನಾಯ್ಸ್ ಎಂಬಲ್ಲಿ ಎನ್‌ಎಲ್‌ಮೀನ್ಸ್ ಆರಿಸಿ ಅಲ್ಟ್ರಾಲೈಟ್ ಅಥವಾ ಲೈಟ್ ಮಟ್ಟದಲ್ಲಿಡಿ. ಇದು ಬಹಳ ನಿಧಾನ, ಆದರೆ ಫಲಿತಾಂಶ ಚೆನ್ನಾಗಿರುತ್ತದೆ. ಕಂಪ್ಯೂಟರು ಹಳೆಯದಾಗಿದ್ದರೆ ಅದೇ ಪಟ್ಟಿಯಲ್ಲಿರುವ ಎಚ್‌ಕ್ಯೂಡಿಎನ್3ಡಿ ಬಳಸಬಹುದು. ಸ್ಟ್ರಾಂಗ್ ಮಟ್ಟಕ್ಕೆ ಏರಿಸಿದರೆ ಮುಖಗಳು ಮೇಣ ಬಳಿದಂತಾಗುವುದರಿಂದ ಬೇಡ. ಜೊತೆಗೆ ಆರ್‌ಎಫ್ ಸಂಖ್ಯೆಯನ್ನು 18ಕ್ಕೆ ಇಳಿಸಿ, ಅಡ್ವಾನ್ಸ್ಡ್ ಆಪ್ಷನ್ಸ್ ಸಾಲಿನಲ್ಲಿ ಎಕ್ಯೂ ಮೋಡ್ ಅನ್ನು 3ಕ್ಕೆ ಬದಲಿಸಿ. ಆಗ ಎನ್‌ಕೋಡರ್ ಕತ್ತಲೆಯ ಭಾಗಗಳಿಗೆ ಹೆಚ್ಚಿನ ಬಿಟ್‌ಗಳನ್ನು ಕೊಡುತ್ತದೆ.

ಮುಂಗಾರಿನ ಮಂಜಿನ ವಿಡಿಯೊಗಳಿಗೂ ಆರ್‌ಎಫ್ ಇಳಿಸುವುದು ಉಪಯುಕ್ತ, ಆದರೆ ಅಲ್ಲಿನ ತೊಂದರೆ ಬೇರೆ. ಬೂದುಬಣ್ಣ ನಿಧಾನವಾಗಿ ಬಿಳಿಗೆ ತಿರುಗುವ ಕಡೆ 8 ಬಿಟ್‌ನ ಛಾಯೆಗಳು ಸಾಲದೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಮಂಜಿನ ವಿಡಿಯೊಗೆ ಡಿನಾಯ್ಸ್ ಹಾಕಬೇಡಿ. ಸಣ್ಣಗೆ ಇರುವ ನಾಯ್ಸೇ ಆ ಪಟ್ಟೆಗಳನ್ನು ಮರೆಮಾಚುತ್ತಿರುತ್ತದೆ.

ಮಡಿಕೇರಿ ದಸರೆಯ ಮಂಟಪಗಳ ವಿಡಿಯೊದಲ್ಲಿ ದೀಪಗಳು ಮಿಣುಕುತ್ತವೆ, ಅಡ್ಡಗೆರೆಗಳು ಓಡುತ್ತವೆ. ಟಿವಿಯ ದೋಷವೇ?

ಅಲ್ಲ, ಚಿತ್ರೀಕರಣದಲ್ಲಿಯೇ ಸೇರಿಕೊಂಡದ್ದು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು, ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸೆಕೆಂಡಿಗೆ 30 ಚೌಕಟ್ಟಿನಲ್ಲಿ, ಒಂದು ಸೆಕೆಂಡಿನ 60ನೇ ಒಂದು ಭಾಗದ ಷಟರ್ ವೇಗದಲ್ಲಿ ತೆಗೆದಾಗ ಆ ಏರಿಳಿತಕ್ಕೂ ಕ್ಯಾಮೆರಾಕ್ಕೂ ತಾಳ ಹೊಂದುವುದಿಲ್ಲ. ಸೆಕೆಂಡಿಗೆ 25 ಚೌಕಟ್ಟು ಮತ್ತು 50ನೇ ಅಥವಾ 100ನೇ ಒಂದು ಭಾಗದ ಷಟರ್ ಇಟ್ಟುಕೊಂಡರೆ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಐಫೋನಿನಲ್ಲಿ ರೆಕಾರ್ಡ್ ವಿಡಿಯೊ ಸೆಟ್ಟಿಂಗಿನಲ್ಲಿ ಶೋ ಪಾಲ್ ಫಾರ್ಮ್ಯಾಟ್ಸ್ ಎಂಬುದನ್ನು ಆನ್ ಮಾಡಿದರೆ 25 ಚೌಕಟ್ಟಿನ ಆಯ್ಕೆ ಕಾಣಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಪ್ರೊ ವಿಡಿಯೊ ಮೋಡ್ ಇದ್ದರೆ ಅಲ್ಲಿ ಷಟರ್ ವೇಗ ಬದಲಿಸಬಹುದು. ಕೆಲವು ಎಲ್‌ಇಡಿ ಮಾಲೆಗಳು ತಮ್ಮದೇ ವೇಗದಲ್ಲಿ ಮಿಣುಕುವುದರಿಂದ ಅವು ಯಾವುದಕ್ಕೂ ಬಗ್ಗುವುದಿಲ್ಲ. ಪರಿವರ್ತಿಸುವ ಹಂತದಲ್ಲಿ ಇದನ್ನು ಸರಿಪಡಿಸುವ ಸುಲಭದ ದಾರಿ ಇಲ್ಲ.

ಹಾಕಿ ಪಂದ್ಯದ ವಿಡಿಯೊಗೆ ಬೇರೆ ಸೆಟ್ಟಿಂಗ್ ಬೇಕೇ?

ಬೇಕು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದ ಪಂದ್ಯಗಳನ್ನು ಈಗ ಗ್ಯಾಲರಿಯಲ್ಲಿ ಕೂತವರೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಾರೆ. ಚೆಂಡಿನ ವೇಗಕ್ಕೆ ಸೆಕೆಂಡಿಗೆ 25 ಚೌಕಟ್ಟು ಸಾಲದು. 50 ಅಥವಾ 60ರಲ್ಲಿ ತೆಗೆದರೆ ಚೆಂಡು ಕಣ್ಣಿಗೆ ಸಿಗುತ್ತದೆ. 1080 ಗಾತ್ರದಲ್ಲಿ ಲೆವೆಲ್ 4.1ರ ಮಿತಿ 30 ಚೌಕಟ್ಟು, ಆದ್ದರಿಂದ ಇಲ್ಲಿ ಲೆವೆಲ್ 4.2 ಬೇಕಾಗುತ್ತದೆ. ಹಳೆಯ ಟಿವಿ ಅದನ್ನು ಒಪ್ಪದಿದ್ದರೆ ಚೌಕಟ್ಟುಗಳನ್ನು ಉಳಿಸಿಕೊಂಡು ಗಾತ್ರವನ್ನು 1280×720ಕ್ಕೆ ಇಳಿಸಿ. ಆಟದ ವಿಡಿಯೊದಲ್ಲಿ ಸ್ಪಷ್ಟತೆಗಿಂತ ಚಲನೆ ಮುಖ್ಯ ಎಂಬುದು ನನ್ನ ಅಭಿಪ್ರಾಯ. 4ಕೆ 60ರಲ್ಲಿ ತೆಗೆಯುವ ಆಸೆಯಿದ್ದರೆ, ಎಚ್‌ಇವಿಸಿಯಲ್ಲಿಯೂ ಐಫೋನಿನಲ್ಲಿ ನಿಮಿಷಕ್ಕೆ ಸುಮಾರು 400 ಎಂಬಿ ಜಾಗ ಹೋಗುತ್ತದೆ ಎಂಬುದು ನೆನಪಿರಲಿ.

ಮೊಬೈಲಿನಲ್ಲಿ ನೇರವಾಗಿರುವ ವಿಡಿಯೊ ಟಿವಿಯಲ್ಲಿ ಅಡ್ಡಬಿದ್ದಿರುತ್ತದೆ.

ಫೋನನ್ನು ನೆಟ್ಟಗೆ ಹಿಡಿದಾಗಲೂ ಕ್ಯಾಮೆರಾ ಅಡ್ಡ ಚಿತ್ರವನ್ನೇ ದಾಖಲಿಸಿ, «ತಿರುಗಿಸಿ ತೋರಿಸು» ಎಂಬ ಸೂಚನೆಯನ್ನು ಪಕ್ಕದಲ್ಲಿ ಬರೆದಿಡುತ್ತದೆ. ಕೆಲವು ಟಿವಿಗಳು ಆ ಸೂಚನೆಯನ್ನು ಓದುವುದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ಪರಿವರ್ತಿಸುವಾಗ ಪ್ರಿವ್ಯೂ ನೋಡಿ, ಬೇಕಾದರೆ ಡೈಮೆನ್ಷನ್ಸ್ ಪುಟದಲ್ಲಿ ರೊಟೇಶನ್ ಕೊಟ್ಟರೆ ಚಿತ್ರವೇ ತಿರುಗಿ ಉಳಿಯುತ್ತದೆ. ಮುಂದಿನ ಸಲ ಫೋನನ್ನು ಅಡ್ಡ ಹಿಡಿಯುವುದು ಇದಕ್ಕಿಂತ ಸುಲಭ.

ಮದುವೆಯ ಹಳೆಯ ಡಿವಿಡಿ, ವಿಸಿಡಿಗಳನ್ನು ಪೆನ್‌ಡ್ರೈವಿಗೆ ತರುವುದು ಹೇಗೆ?

ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ವಿಡಿಯೊ ಟಿಎಸ್ ಎಂಬ ಫೋಲ್ಡರಿನೊಳಗೆ ವಿಒಬಿ ಫೈಲುಗಳು ತಲಾ 1 ಜಿಬಿಯಂತೆ ತುಂಡಾಗಿ ಕಾಣುತ್ತವೆ. ಆ ತುಂಡುಗಳನ್ನು ಒಂದೊಂದಾಗಿ ಪರಿವರ್ತಿಸಬೇಡಿ. ಸೇರುವ ಜಾಗದಲ್ಲಿ ಮಂತ್ರವೋ ಮಾತೋ ತುಂಡಾಗುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಇಡೀ ಫೋಲ್ಡರನ್ನು ತೆರೆದರೆ ಅದು ತಾನೇ ಜೋಡಿಸಿಕೊಳ್ಳುತ್ತದೆ.

ನಮ್ಮ ದೇಶದ ಡಿವಿಡಿಗಳು 720×576 ಗಾತ್ರದ, ಇಂಟರ್‌ಲೇಸ್ ಆದ ಚಿತ್ರಗಳು. ಒಂದು ಚೌಕಟ್ಟಿನ ಬೆಸ ಗೆರೆಗಳೂ ಸಮ ಗೆರೆಗಳೂ ಬೇರೆ ಬೇರೆ ಕ್ಷಣದವು. ಹಾಗೆಯೇ ಪರಿವರ್ತಿಸಿದರೆ ಕುಣಿಯುವವರ ಕೈಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಶಾಶ್ವತವಾಗಿ ಉಳಿದುಬಿಡುತ್ತವೆ. ಫಿಲ್ಟರ್ಸ್ ಪುಟದಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಬಾಬ್ ಎಂಬ ಆಯ್ಕೆ ಕೊಟ್ಟರೆ ಸೆಕೆಂಡಿಗೆ 50 ಚೌಕಟ್ಟಿನ ನಯವಾದ ಚಲನೆ ಸಿಗುತ್ತದೆ. ಹಳೆಯ ಮದುವೆಗಳು 4:3 ಆಕಾರದವು. ಟಿವಿಯ ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬರುವುದೇ ಸರಿ. ಪರದೆ ತುಂಬಲೆಂದು ಎಳೆದರೆ ಮದುಮಗಳ ಮುಖ ಅಗಲವಾಗುತ್ತದೆ.

ವಿಸಿಡಿಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ಡಿಎಟಿ ಫೈಲುಗಳಿರುತ್ತವೆ. ಚಿತ್ರದ ಗಾತ್ರ 352×288 ಮಾತ್ರ. ಅದನ್ನು 1080ಕ್ಕೆ ಹಿಗ್ಗಿಸಿ ಉಳಿಸುವುದರಿಂದ ಫೈಲು ದೊಡ್ಡದಾಗುತ್ತದೆ, ಚಿತ್ರ ಸುಧಾರಿಸುವುದಿಲ್ಲ. ಹಿಗ್ಗಿಸುವ ಕೆಲಸವನ್ನು ಟಿವಿಗೇ ಬಿಡಿ.

ವಿಎಚ್‌ಎಸ್ ಕ್ಯಾಸೆಟ್ ಮತ್ತು ಹಳೆಯ ಹ್ಯಾಂಡಿಕ್ಯಾಮಿನ ಟೇಪುಗಳಿವೆ. ಇವುಗಳ ಗತಿಯೇನು?

ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ನಮ್ಮ ಹವೆಯಲ್ಲಿ ಕಪಾಟಿನಲ್ಲಿಟ್ಟ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿರುವುದು ಸಾಮಾನ್ಯ. ಬೂಷ್ಟು ಕಂಡ ಟೇಪನ್ನು ವಿಸಿಆರಿಗೆ ಹಾಕಬಾರದು. ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಹರಡುತ್ತದೆ. ಅಂತಹವನ್ನು ಸ್ವಚ್ಛಗೊಳಿಸಲು ಬಲ್ಲವರಿಗೆ ಒಪ್ಪಿಸುವುದು ಕ್ಷೇಮ.

ಒಳ್ಳೆಯ ಸ್ಥಿತಿಯ ವಿಎಚ್‌ಎಸ್ ಟೇಪನ್ನು ವಿಸಿಆರಿನಿಂದ ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ 720×576 ಗಾತ್ರದಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿದ್ದರಿಂದ, ಕೆಲಸ ಮಾಡುವ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ ತಡಮಾಡಬಾರದು. ಮಿನಿಡಿವಿ ಟೇಪುಗಳಿಗೆ ಆ ಕ್ಯಾಮೆರಾವೂ ಫೈರ್‌ವೈರ್ ಕೇಬಲ್ಲೂ ಬೇಕು. ಆ ದಾರಿಯಲ್ಲಿ ಟೇಪಿನಲ್ಲಿರುವ ದತ್ತಾಂಶ ಹಾಗೆಯೇ ಕಂಪ್ಯೂಟರಿಗೆ ಬರುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ. ಈ ಡಿವಿ ಫೈಲು ಸಾಮಾನ್ಯವಾಗಿ ಟಿವಿಯಲ್ಲಿ ಓಡುವುದಿಲ್ಲ. ಅದನ್ನು ಮೂಲವೆಂದು ಎತ್ತಿಟ್ಟು, ಡಿಇಂಟರ್‌ಲೇಸ್ ಮಾಡಿದ ಎಚ್.264 ಪ್ರತಿಯನ್ನು ಟಿವಿಗೆ ಬಳಸಿ.

ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ ದೊಡ್ಡ ಫೈಲು ಕಾಪಿ ಆಗುವುದಿಲ್ಲ ಏಕೆ?

ಪೆನ್‌ಡ್ರೈವು ಫ್ಯಾಟ್32 ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದೇ ಫೈಲು 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್‌ನ ವಿಡಿಯೊ ಗಂಟೆಗೆ 3.6 ಜಿಬಿ ಆಗುವುದರಿಂದ ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿ ಈ ಗೋಡೆ ಎದುರಾಗುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ಮಿತಿ ಇಲ್ಲ, ಆದರೆ ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದದಿರಬಹುದು. ಹಲವು ಮನೆ ಸುತ್ತಬೇಕಾದ ಪೆನ್‌ಡ್ರೈವಿಗೆ ಫ್ಯಾಟ್32 ಇಟ್ಟು, ವಿಡಿಯೊವನ್ನೇ ಭಾಗ ಮಾಡುವುದು ಸುರಕ್ಷಿತ. ಫಾರ್ಮ್ಯಾಟ್ ಮಾಡಿದಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಾಪಿ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಇಜೆಕ್ಟ್ ಒತ್ತಿಯೇ ಪೆನ್‌ಡ್ರೈವ್ ತೆಗೆಯಿರಿ. ಪರದೆಯಲ್ಲಿ ಕಾಪಿ ಮುಗಿಯಿತೆಂದು ಕಂಡರೂ ಬರೆಯುವ ಕೆಲಸ ಹಿಂದೆ ನಡೆಯುತ್ತಿರಬಹುದು.

ಹಾರ್ಡ್ ಡಿಸ್ಕ್ ಜೋಡಿಸಿದರೆ ಟಿವಿ ಗುರುತಿಸುವುದೇ ಇಲ್ಲ.

ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವ ವಿದ್ಯುತ್ತು 500 ಮಿಲಿಆಂಪಿಯರ್. ತಿರುಗುವ ಹಾರ್ಡ್ ಡಿಸ್ಕಿಗೆ ಅದು ಸಾಲದೆ ಹೋದರೆ ಟಿಕ್ ಟಿಕ್ ಎನ್ನುತ್ತದೆ, ಆರುತ್ತದೆ. ಟಿವಿಯ ಹಿಂದೆ ಎಚ್‌ಡಿಡಿ ಎಂದು ಬರೆದ ಕಿಂಡಿ ಇದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಜೋಡಿಸಿ.

ಮೊದಲಿಗೆ ಸರಿಯಿದ್ದ ಮಾತು, ಹೋಗುತ್ತಾ ಹೋಗುತ್ತಾ ತುಟಿಗೆ ಹೊಂದುವುದಿಲ್ಲ.

ಮೊಬೈಲುಗಳು ಬೆಳಕಿಗೆ ತಕ್ಕಂತೆ ಚೌಕಟ್ಟುಗಳ ವೇಗವನ್ನು ಬದಲಿಸುತ್ತಾ ಚಿತ್ರೀಕರಿಸುತ್ತವೆ. ಟಿವಿಯೂ ಕೆಲವು ಎಡಿಟರುಗಳೂ ಅದನ್ನು ಒಂದೇ ವೇಗವೆಂದು ಭಾವಿಸುವುದರಿಂದ ಅಂತರ ಬೆಳೆಯುತ್ತಾ ಹೋಗುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಎಂದು ಆರಿಸಿ ಪರಿವರ್ತಿಸಿದ ಮೇಲೆಯೇ ಎಡಿಟಿಂಗಿಗೆ ತೆಗೆದುಕೊಳ್ಳಿ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಅಂತರವಿದ್ದರೆ ಅದು ಫೈಲಿನ ದೋಷವಾಗಿರಲಿಕ್ಕಿಲ್ಲ. ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದೀರಾ ಎಂದು ನೋಡಿ.

ಕನ್ನಡದಲ್ಲಿ ಫೈಲಿನ ಹೆಸರು, ಸಬ್‌ಟೈಟಲ್ ಕೊಡಬಹುದೇ?

ಎಲ್ಲ ಟಿವಿಗಳಲ್ಲೂ ಕನ್ನಡದ ಫಾಂಟ್ ಇರುವುದಿಲ್ಲ, ಇದ್ದರೂ ಕೆಲವದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಆರಂಭದಲ್ಲಿ 01, 02 ಎಂದು ಸಂಖ್ಯೆ ಹಾಕಿ ಬರೆದರೆ ಟಿವಿ ಅವುಗಳನ್ನು ಕ್ರಮವಾಗಿ ತೋರಿಸುತ್ತದೆ. ಹಿರಿಯರು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಹೇಳಿದ ನೆನಪುಗಳಿಗೆ ಕನ್ನಡ ಸಬ್‌ಟೈಟಲ್ ಕೊಡುವುದು ಒಳ್ಳೆಯ ಕೆಲಸ. ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಉಳಿಸಿ ಒಮ್ಮೆ ಪರೀಕ್ಷಿಸಿ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ, ಪರಿವರ್ತಿಸುವಾಗ ಬರ್ನ್ ಇನ್ ಆಯ್ಕೆ ಕೊಟ್ಟು ಅಕ್ಷರಗಳನ್ನು ಚಿತ್ರದಲ್ಲಿಯೇ ಅಚ್ಚೊತ್ತಿಬಿಡಿ.

ವಾಟ್ಸ್‌ಆ್ಯಪಿನಲ್ಲಿ ಬಂದ ವಿಡಿಯೊ ಟಿವಿಯಲ್ಲಿ ಮಸುಕಾಗಿದೆ. ಸರಿಪಡಿಸಬಹುದೇ?

ಸಾಧ್ಯವಿಲ್ಲ. ಕಳುಹಿಸುವಾಗಲೇ ಅದನ್ನು ಕುಗ್ಗಿಸಲಾಗಿರುತ್ತದೆ, ಕಳೆದುಹೋದದ್ದು ಮರಳಿ ಬರುವುದಿಲ್ಲ. ಕಳುಹಿಸಿದವರನ್ನು ಕೇಳಿ, ಅದೇ ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಕಳುಹಿಸುವಂತೆ ಹೇಳಿ. ಹಾಗೆ 2 ಜಿಬಿಯವರೆಗಿನ ಫೈಲು ಮೂಲ ರೂಪದಲ್ಲಿಯೇ ಬರುತ್ತದೆ.

ಮದುವೆಯ ವಿಡಿಯೊಗೆ ಸ್ಟುಡಿಯೊದವರಿಗೆ ಹೇಳುವಾಗ ಏನನ್ನು ಕೇಳಬೇಕು?

ಮುಂಗಡ ಕೊಡುವ ದಿನವೇ ಕೇಳಬೇಕು; ಆಲ್ಬಂ ಕೈಗೆ ಬಂದ ಮೇಲೆ ಕೇಳಿದರೆ ಮೂಲ ಫೈಲುಗಳು ಅವರಲ್ಲಿ ಉಳಿದಿರುತ್ತವೆಂಬ ಭರವಸೆ ಇರುವುದಿಲ್ಲ. ಎಡಿಟ್ ಆದ ವಿಡಿಯೊ 1920×1080, ಸೆಕೆಂಡಿಗೆ 25 ಚೌಕಟ್ಟು, ಎಚ್.264, ಎಂಪಿ4 ರೂಪದಲ್ಲಿ ಬೇಕೆಂದೂ, ಡಿವಿಡಿ ಮಾತ್ರ ಕೊಟ್ಟರೆ ಸಾಲದೆಂದೂ ಸ್ಪಷ್ಟವಾಗಿ ಹೇಳಿ. 4ಕೆಯಲ್ಲಿ ಕೊಡುವುದಾದರೆ ಅದರ ಜೊತೆಗೆ 1080ರ ಪ್ರತಿಯೂ ಇರಲಿ. ಎಡಿಟ್ ಮಾಡದ ತುಣುಕುಗಳನ್ನೂ ಕೇಳಿ ಪಡೆಯಿರಿ, ಅದಕ್ಕೆ ಹಾರ್ಡ್ ಡಿಸ್ಕನ್ನು ನೀವೇ ಕೊಡಬೇಕಾದೀತು. ಮೂರು ಗಂಟೆಯ ವಿಡಿಯೊದಲ್ಲಿ ಅರ್ಧ ಗಂಟೆ ಹಾರುವ ಹೂವುಗಳ ಎಫೆಕ್ಟು ತುಂಬಿದ್ದರೆ, ವಾಲಗಕ್ಕೆ ಕುಣಿದ ಅಜ್ಜ ಸಿಗುವುದು ಆ ಎಡಿಟ್ ಮಾಡದ ತುಣುಕುಗಳಲ್ಲಿಯೇ. ಕೊಟ್ಟದ್ದನ್ನು ಸ್ಟುಡಿಯೊದ ಕಂಪ್ಯೂಟರಿನಲ್ಲಿ ನೋಡಿ ತೃಪ್ತರಾಗದೆ ಮನೆಗೆ ತಂದು ಟಿವಿಯಲ್ಲಿ ಮೊದಲಿನ, ನಡುವಿನ, ಕೊನೆಯ ಕೆಲವು ನಿಮಿಷಗಳನ್ನು ಓಡಿಸಿ ನೋಡಿ, ಬಾಕಿ ಹಣವನ್ನು ಆಮೇಲೆ ಕೊಡಿ.